ಶಾಂತಿ ಘಟ್ಟ

ನೋವುಪಟ್ಟಿ ಬಂದ ಎರಡನೆಯ ವರ್ಷಕ್ಕೆ ಹುಬ್ಬಳ್ಳಿಯ ಆಸ್ಪತ್ರೆಗಳಲ್ಲಿ ಒಂದು ಹೊಸ ಪದ್ಧತಿ ಶುರುವಾಗಿತ್ತು. ಮಾತು ನಿಂತ ರೋಗಿಯ ತಲೆಯ ಮೇಲಿನ ದೀಪ ಕೆಂಪಿನಿಂದ ಹಸಿರಿಗೆ ತಿರುಗಿತೆಂದರೆ ಮನೆಯವರು ಪೇಢೆ ಹಂಚುತ್ತಿದ್ದರು. ವಾರ್ಡಿನ ಬಾಗಿಲಲ್ಲಿ ಪೇಢೆಯ ಡಬ್ಬಿ ಹಿಡಿದು ನಿಂತವರನ್ನು ಕಂಡ ಬೇರೆ ಊರಿನವರು ಹೆರಿಗೆಯಾಯಿತೇನೋ ಎಂದುಕೊಂಡು "ಗಂಡೋ ಹೆಣ್ಣೋ?" ಎಂದು ಕೇಳುವರು. "ಹಂಗಲ್ರಿ, ನಮ್ಮ ಮುತ್ಯಾಗ ಹಸಿರು ಬಂತು" ಎಂಬ ಉತ್ತರ ಬರುವುದು. ಕೇಳಿದವರು ಏನೂ ತಿಳಿಯದೆ ಪೇಢೆ ಬಾಯಿಗೆ ಹಾಕಿಕೊಂಡು ಮುಂದೆ ಹೋಗುವರು.

ಪಟ್ಟಿಯೆಂದರೆ ಹೆಬ್ಬೆರಳಿನಗಲದ ಒಂದು ಚೂರು, ಅಷ್ಟೆ. ಕಿವಿಯ ಹಿಂದೆ ಅಂಟಿಸಿದರೆ ನರಗಳೊಳಗೆ ಓಡಾಡುವ ನೋವಿನ ಸುದ್ದಿಯನ್ನು ಕದ್ದು ಕೇಳಿ ಅದಕ್ಕೊಂದು ಅಂಕಿ ಕೊಡುತ್ತಿತ್ತು. ಲಕ್ವ ಹೊಡೆದು ನಾಲಗೆ ಬಿದ್ದವರು, ಗಂಟಲಿಗೆ ಕೊಳವೆ ಹಾಕಿಸಿಕೊಂಡವರು, ಹಸುಗೂಸುಗಳು, ಹೀಗೆ ಹೇಳಿಕೊಳ್ಳಲು ಬಾಯಿಲ್ಲದವರಿಗೆಂದೇ ಅದನ್ನು ಮಾಡಿದ್ದು. ಅಂಕಿ ರೇಡಿಯೋ ಅಲೆಯ ಮೇಲೆ ನಿಗಾ ಕೇಂದ್ರಕ್ಕೆ ಬರುವುದು. ಅಲ್ಲಿಂದ ಹಾಸಿಗೆಯ ದೀಪಕ್ಕೂ ನೋವಿನ ಔಷಧ ಹನಿಸುವ ಪಂಪಿಗೂ ಅಪ್ಪಣೆ ಹೋಗುವುದು. ಅಂಕಿ ಸಣ್ಣದಿದ್ದರೆ ಹಸಿರು, ಏರಿದರೆ ಹಳದಿ, ನೂರು ಮುಟ್ಟಿದರೆ ಕೆಂಪು. ಕೆಂಪಿದ್ದಾಗ ಪಂಪು ಜಾಸ್ತಿ ಹನಿಸುತ್ತದೆ, ಹಸಿರಿದ್ದಾಗ ಸುಮ್ಮನಿರುತ್ತದೆ.

ಹೀಗಿರುವಾಗ ವೈದ್ಯರ ಕಣ್ಣಿಗೆ ಒಂದು ಸೋಜಿಗ ಬಿತ್ತು. ಕೆಲವರ ನೋವು ನೂರು ದಾಟಿ, ನೂರಿಪ್ಪತ್ತರ ಮೇಲೆ ಏರಿ, ಇನ್ನು ತಡೆಯಲಾಗದು ಎನ್ನುವಾಗ ಥಟ್ಟನೆ ಸೊನ್ನೆಗೆ ಇಳಿದುಬಿಡುತ್ತಿತ್ತು. ಕೇಂದ್ರದ ನಿರ್ದೇಶಕ ಡಾ. ಪಟ್ಟೇದ ಇದಕ್ಕೆ ಶಾಂತಿ ಘಟ್ಟ ಎಂದು ಹೆಸರಿಟ್ಟರು. ನೋವು ತುತ್ತತುದಿಗೆ ಹೋದಾಗ ದೇಹವೇ ತನ್ನ ಕದ ಮುಚ್ಚಿಕೊಳ್ಳುತ್ತದೆ, ಒಳಗಿನ ಜೀವ ನೆಮ್ಮದಿಯಾಗಿರುತ್ತದೆ ಎಂದು ದೊಡ್ಡ ಲೇಖನ ಬರೆದರು. ಜನಕ್ಕೆ ಅದು ಎಷ್ಟು ಹಿಡಿಸಿತೆಂದರೆ ಪತ್ರಿಕೆಗಳ ನಿಧನವಾರ್ತೆಯಲ್ಲಿ 'ಶಾಂತಿ ಘಟ್ಟದಲ್ಲಿದ್ದು ಲಿಂಗೈಕ್ಯರಾದರು' ಎಂಬ ಸಾಲು ಕಾಣಿಸತೊಡಗಿತು. ಒಮ್ಮೊಮ್ಮೆ ಹಸಿರು ಹೋಗಿ ಮತ್ತೆ ಕೆಂಪಾಗುವುದೂ ಇತ್ತು. ಆಗ ಮನೆಯವರು "ಘಟ್ಟ ಇಳದ್ರು" ಎಂದು ಕಣ್ಣೀರು ಹಾಕಿ ಹರಕೆ ಹೊರುತ್ತಿದ್ದರು. ಮನುಷ್ಯನಿಗೆ ಬೇಕಾದ ಸುದ್ದಿ ಸಿಕ್ಕಿತೆಂದರೆ ಅದನ್ನು ಹೊರಳಿಸಿ ನೋಡುವ ಚಾಳಿ ಇರುವುದಿಲ್ಲ.

ಪಟ್ಟಿ ಕಳಿಸಿದ್ದನ್ನು ಬಿಡಿಸಿ ಓದುವ ಪ್ರೋಗ್ರಾಮು ಬರೆದವಳು ದಾಕ್ಷಾಯಣಿ ಹಂಚಿನಮನಿ. ಕೇಂದ್ರದವರು ಸಭೆ ಮಾಡಿ ಅವಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, "ಮೂಕರ ಬಾಯಿ" ಎಂದು ಹೊಗಳಿದ್ದರು. ಹೊಗಳಿಕೆ ಅತಿಯಾಯಿತು ಎಂದು ಅವಳಿಗೆ ಅನಿಸಿದ್ದು ನಿಜ. ಆದರೂ ಆ ಶಾಲನ್ನು ಅವಳು ಯಾರಿಗೂ ಕೊಡದೆ ಅಲ್ಮೇರಿನಲ್ಲಿ ಇಟ್ಟುಕೊಂಡಿದ್ದಳು.

ಅಂದು ರವಿವಾರ. ದಾಕ್ಷಾಯಣಿ ಹಳೇ ಹುಬ್ಬಳ್ಳಿಯ ಅಕ್ಕನ ಮನೆಗೆ ಊಟಕ್ಕೆ ಬಂದಿದ್ದಳು. ಅಕ್ಕ ಕಸ್ತೂರಿ ಕನ್ನಡ ಶಾಲೆಯ ಶಿಕ್ಷಕಿಯಾಗಿದ್ದವಳು. ತಾಯಿ ತೀರಿಕೊಂಡ ಮೇಲೆ ತಂಗಿಯ ತಲೆಗೆ ಎಣ್ಣೆ ಹಚ್ಚಿ, ಮಗ್ಗಿ ಬಾಯಿಪಾಠ ಮಾಡಿಸಿ, ಬೈದು, ಬೆಳೆಸಿದವಳೂ ಅವಳೇ. ನರಗಳ ಕಾಯಿಲೆಯೊಂದು ಮೊದಲು ಅವಳ ಕೈಕಾಲು ಹಿಡಿದು, ಆಮೇಲೆ ಮಾತು ಹಿಡಿದು, ಈಗ ಮಂಚಕ್ಕೆ ಒರಗಿಸಿ ಬಿಟ್ಟಿತ್ತು. ಪಟ್ಟಿ, ದೀಪ, ಪಂಪು ಎಲ್ಲವನ್ನೂ ಮನೆಯಲ್ಲೇ ಜೋಡಿಸಿದ್ದರು. ಅವಳ ಗಂಡ ಬಸಲಿಂಗಪ್ಪ ಬಸ್ ಕಂಡಕ್ಟರ್ ಕೆಲಸವನ್ನು ಹೆಂಡತಿಗಾಗಿ ಅವಧಿಗೆ ಮೊದಲೇ ಬಿಟ್ಟಿದ್ದ. ಕೆಲಸ ಬಿಟ್ಟಿದ್ದರೂ ದನಿ ಬಿಟ್ಟಿರಲಿಲ್ಲ.

"ಬರ್ರಿ, ಬರ್ರಿ, ಒಳಗ ಜಾಗಾ ಐತಿ, ಮುಂದ ಸರೀರಿ," ಎಂದು ಅವನು ಮಹಿಳಾ ಮಂಡಳದ ಇಬ್ಬರನ್ನು ಮಂಚದ ಹತ್ತಿರ ಕರೆದ. ಚಳಿಗಾಲದಲ್ಲಿ ಕಸ್ತೂರಿಗೆ ಹಸಿರು ಬಂದಾಗಿನಿಂದ ಮನೆಗೆ ಹೀಗೆ ಜನ ಬರುತ್ತಿದ್ದರು. ಬಂದವರು ದೀಪ ನೋಡಿ ಕೈಮುಗಿಯುವರು, ಕಸ್ತೂರಿಯ ಕಾಲು ಮುಟ್ಟುವರು. ಶಾಂತಿ ಘಟ್ಟದಲ್ಲಿದ್ದವರ ಆಶೀರ್ವಾದ ಒಳ್ಳೆಯದೆಂದು ಯಾರೋ ಹಬ್ಬಿಸಿದ್ದರು.

"ಕಣ್ಣಾಗ ನೀರ ಬಂದಾವಲ್ರಿ," ಎಂದಳು ಒಬ್ಬಾಕೆ.

"ಆನಂದದ್ದರಿ ಅದು. ದೀಪಾ ನೋಡ್ರಿ ಹ್ಯಾಂಗ ಐತಿ, ಹೊಲದಾಗಿನ ಎಳೀ ಗೋಧಿ ಇದ್ದಂಗ."

ಅವರು ಹೋದ ಮೇಲೆ ದಾಕ್ಷಾಯಣಿ ಅಕ್ಕನ ಕಣ್ಣು ಒರೆಸಿದಳು. ಮತ್ತೆ ನೀರು ತುಂಬಿತು. ಒರೆಸುವಾಗ ಬೆರಳಿಗೆ ಅಕ್ಕನ ದವಡೆ ತಾಗಿತು. ಹಲ್ಲು ಕಚ್ಚಿ ಹಿಡಿದ ದವಡೆ ಕಲ್ಲಿನಂತೆ ಬಿಗಿದಿತ್ತು. ಹಣೆಯ ಮೇಲೆ ತಣ್ಣನೆಯ ಬೆವರಿತ್ತು. ದಿಂಬಿನ ಪಕ್ಕದಲ್ಲಿ ಬಿದ್ದಿದ್ದ ನಾಡಿ ನೋಡುವ ಕ್ಲಿಪ್ಪನ್ನು ತೆಗೆದು ಅಕ್ಕನ ಬೆರಳಿಗೆ ಸಿಕ್ಕಿಸಿದಳು. ನಾಡಿ ಮೆಟ್ಟಿಲು ಹತ್ತಿ ಓಡಿ ಬಂದವರ ನಾಡಿಯಂತೆ ಹೊಡೆದುಕೊಳ್ಳುತ್ತಿತ್ತು.

"ಮಾಮಾ, ಅಕ್ಕನ್ನ ಮಗ್ಗಲಿಗೆ ಹೊಳ್ಳಿಸೂದು ಮಾಡ್ತೀರಿಲ್ಲೋ?"

"ಮೊದಲ ಮಾಡ್ತಿದ್ದೆ. ಹಸಿರು ಬಂದಿಂದ ಬಿಟ್ಟೀನಿ. ಘಟ್ಟ ಮುಟ್ಟಿದವ್ರನ್ನ ಭಾಳ ಅಲುಗಾಡಸಬಾರದು ಅಂತ ಹೇಳ್ಯಾರಲ್ಲ."

ಹೇಳಿದವರು ಯಾರು ಎಂದು ಅವಳು ಕೇಳಲಿಲ್ಲ. ಕೇಂದ್ರದ ಕೈಪಿಡಿಯಲ್ಲೇ ಆ ಮಾತಿತ್ತು. ಅಕ್ಕನ ಬೆನ್ನ ಕೆಳಗೆ ಮೆಲ್ಲಗೆ ಕೈ ಹಾಕಿದಳು. ಬಟ್ಟೆ ಒದ್ದೆಯಾಗಿ ಮೈಗೆ ಅಂಟಿತ್ತು. ಕೈ ಹೊರಗೆ ತೆಗೆದಾಗ ಬೆರಳ ತುದಿಯಲ್ಲಿ ಕೀವಿತ್ತು.

"ಆ ಹುಣ್ಣು ಗೊತ್ತೈತಿ," ಎಂದ ಬಸಲಿಂಗಪ್ಪ, ತಾನು ಅಲಕ್ಷ್ಯ ಮಾಡಿಲ್ಲವೆಂದು ತೋರಿಸುವ ದನಿಯಲ್ಲಿ. "ಮುಲಾಮು ಹಚ್ಚತೀನಿ ದಿನಾ. ನೋವಂತೂ ಇಲ್ಲಲ್ಲ, ದೀಪಾ ಹೇಳತೈತಿ. ಇದ್ದಿದ್ರ ನಾ ಸುಮ್ನ ಕೂಡ್ತಿದ್ನೇನು? ನಡಿ, ರೊಟ್ಟಿ ಆರತಾವು."

ದಾಕ್ಷಾಯಣಿ ಕೈ ತೊಳೆದುಕೊಂಡಳು. ತಾಟಿನ ಮುಂದೆ ಕೂತಳು. ಒಂದು ತುತ್ತು ಮುರಿದಳು, ಅದು ಬಾಯಿಗೆ ಹೋಗಲಿಲ್ಲ. ಅವಳಿಗೆ ಹಳೆಯದೊಂದು ಮೈನಸ್ ಗುರುತು ನೆನಪಾಗಿತ್ತು. ಬಂದು ಉಣ್ಣುತ್ತೇನೆ ಎಂದು ಹೇಳಿ ಸ್ಕೂಟರ್ ತೆಗೆದಳು.

ನಿಗಾ ಕೇಂದ್ರವಿದ್ದದ್ದು ಹಳೆಯ ಹತ್ತಿ ಗೋದಾಮಿನ ಮೇಲಂತಸ್ತಿನಲ್ಲಿ. ಒಂದು ಇಡೀ ಗೋಡೆಯ ತುಂಬ ಜಿಲ್ಲೆಯ ಎಲ್ಲ ಪಟ್ಟಿಗಳ ದೀಪಗಳು. ರವಿವಾರವಾದ್ದರಿಂದ ಹಿರಿಯ ನರ್ಸ್ ಜುಬೇದಾ ಒಬ್ಬಳೇ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಮಗಳ ಓಢಣಿಗೆ ಲೇಸು ಹೊಲಿಯುತ್ತಿದ್ದಳು. ಗೋಡೆಯ ಮೇಲೆ ಹಸಿರೇ ಹೆಚ್ಚಿತ್ತು.

"ಏನ್ ಮೇಡಂ, ರಜಾ ದಿನಾ ಈ ಕಡೆ?"

"ಒಂದ್ ಬುತ್ತಿ ಬಿಚ್ಚಿ ನೋಡೂದೈತಿ," ಎಂದಳು ದಾಕ್ಷಾಯಣಿ.

ಬುತ್ತಿ ಎಂಬುದು ಕೇಂದ್ರದವರೇ ಇಟ್ಟುಕೊಂಡ ಮಾತು. ಪಟ್ಟಿಯ ಬ್ಯಾಟರಿ ಸಣ್ಣದು, ರೇಡಿಯೋ ಬಡವಾದದ್ದು. ಉದ್ದುದ್ದ ಮಾತಾಡುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ರೋಗಿಯ ನಂಬರು, ಮೈಬಿಸಿ, ನೋವು ಎಲ್ಲವನ್ನೂ ಒತ್ತೊತ್ತಾಗಿ ಒಂದೇ ಗಂಟು ಕಟ್ಟಿ ಕಳಿಸುತ್ತದೆ. ಗಂಟಿನೊಳಗೆ ಇರುವುದು ಬರೀ ಒಂದು ಮತ್ತು ಸೊನ್ನೆ. ಇದು ನಂಬರು, ಇದು ನೋವು ಎಂದು ಚೀಟಿ ಅಂಟಿಸಿರುವುದಿಲ್ಲ. ಚೀಟಿಗೂ ಜಾಗ ಬೇಕಲ್ಲ. ಕಟ್ಟುವವನು ಯಾವ ಮೂಲೆಯಲ್ಲಿ ಏನಿಟ್ಟ, ಹೇಗೆ ಮಡಚಿಟ್ಟ ಎಂಬುದು ಬಿಚ್ಚುವವನಿಗೆ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದೆ ಬಿಚ್ಚಿದರೂ ಏನೋ ಒಂದು ಅಂಕಿ ಬಂದೇ ಬರುತ್ತದೆ. ತಪ್ಪು ಅಂಕಿಯ ಮುಖ ಸರಿಯಾದ ಅಂಕಿಯ ಮುಖದಂತೆಯೇ ಇರುತ್ತದೆ, ಅದೇ ಈ ಕಸುಬಿನ ಕಷ್ಟ.

ಬುತ್ತಿ ಕಟ್ಟುವ ಭಾಗ ಬರೆದವನು ಫಕ್ಕೀರೇಶ. ಅವನು ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿ ವರ್ಷವಾಗಿತ್ತು. ನೋವಿಗೆಂದು ಅವನು ಎಂಟು ಮನೆ ಕೊಟ್ಟಿದ್ದ. ಎಂಟು ಮನೆಗಳಲ್ಲಿ ಒಂದು-ಸೊನ್ನೆಗಳನ್ನು ತುಂಬಿದರೆ ಇನ್ನೂರೈವತ್ತೈದರ ತನಕ ಎಣಿಸಬಹುದು. ಆದರೆ ಅದೇ ಎಂಟು ಮನೆಗಳನ್ನು ಇನ್ನೊಂದು ರೀತಿಯಲ್ಲೂ ಓದಬಹುದು. ಮೊದಲನೆಯ ಮನೆಯನ್ನು ಮೈನಸ್ಸಿಗೆಂದು ಮೀಸಲಿಟ್ಟರೆ ಎಣಿಕೆ ನೂರಿಪ್ಪತ್ತೇಳಕ್ಕೆ ನಿಲ್ಲುತ್ತದೆ; ಅದರಾಚೆಗಿನದೆಲ್ಲ ಸೊನ್ನೆಗಿಂತ ಕೆಳಗಿನದಾಗಿ ಕಾಣುತ್ತದೆ. ಮೈಬಿಸಿಯನ್ನು ಹಾಗೆಯೇ ಓದಬೇಕಿತ್ತು. ಅದನ್ನು ಸಹಜ ಬಿಸಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ಕಳಿಸುತ್ತಿದ್ದರು, ಮೈನಸ್ ಬೇಕೇ ಬೇಕು. ನೋವಿಗೆ ಮೈನಸ್ ಎಲ್ಲಿಯದು? ಅದು ಹೇಳಬೇಕಾದ ಸಂಗತಿಯೆಂದೇ ಫಕ್ಕೀರೇಶನಿಗೆ ಅನಿಸಿರಲಿಕ್ಕಿಲ್ಲ.

ದಾಕ್ಷಾಯಣಿ ಅಕ್ಕನ ಪಟ್ಟಿಯಿಂದ ಆಗಷ್ಟೇ ಬಂದಿದ್ದ ಬುತ್ತಿಯನ್ನು ಪ್ರೋಗ್ರಾಮಿಗೆ ಕೊಡದೆ ಹಾಗೇ ತೆರೆದಳು. ನೋವಿನ ಎಂಟು ಮನೆಗಳನ್ನು ಪೆನ್ಸಿಲಿನಿಂದ ಕಾಗದದ ಮೇಲೆ ಇಳಿಸಿಕೊಂಡಳು. ಒಂದು, ಸೊನ್ನೆ, ಆಮೇಲೆ ಸಾಲಾಗಿ ಐದು ಒಂದುಗಳು, ಕೊನೆಗೆ ಸೊನ್ನೆ. ಮೊದಲನೆಯದನ್ನು ಮೈನಸ್ ಎಂದು ಓದಿದರೆ ಸೊನ್ನೆಗಿಂತ ಅರವತ್ತಾರು ಕೆಳಗೆ. ಎಣಿಕೆಗೆ ಸೇರಿಸಿ ಓದಿದರೆ ನೂರಾ ತೊಂಬತ್ತು.

ಅವಳು ಮತ್ತೊಮ್ಮೆ ಕೂಡಿಸಿದಳು. ಲೆಕ್ಕ ತಪ್ಪಿರಲಿ ಎಂದು ದೇವರಿಗೆ ಬೇಡಿಕೊಂಡು ಕೂಡಿಸಿದ್ದು ಅವಳ ಜೀವನದಲ್ಲಿ ಅದೇ ಮೊದಲು. ನೂರಾ ತೊಂಬತ್ತೇ ಬಂತು.

ಶಾಂತಿ ಘಟ್ಟವೆಂಬುದು ಎಲ್ಲಿಯೂ ಇರಲಿಲ್ಲ. ನೋವು ನೂರಿಪ್ಪತ್ತೇಳು ದಾಟಿದ ಕ್ಷಣವೇ ಅವಳ ಪ್ರೋಗ್ರಾಮು ಅದನ್ನು ಸೊನ್ನೆ ಎಂದು ಓದುತ್ತಿತ್ತು, ದೀಪ ಹಸಿರಾಗುತ್ತಿತ್ತು, ಪಂಪು ನಿಲ್ಲುತ್ತಿತ್ತು. ಗೋಡೆಯ ಮೇಲಿನ ಹಸಿರು ದೀಪಗಳಲ್ಲಿ ನಿಜವಾಗಿ ನೋವಿಲ್ಲದವರೂ ಇದ್ದರು, ಯಾರಿಗೂ ಬರಬಾರದ ನೋವು ತಿನ್ನುತ್ತಿದ್ದವರೂ ಇದ್ದರು. ಘಟ್ಟ ಇಳಿದರು ಎಂದು ಮನೆಯವರು ಅಳುತ್ತಿದ್ದ ಹೊತ್ತು ನಿಜಕ್ಕೂ ಆ ರೋಗಿಗೆ ನೋವು ತುಸು ಇಳಿದ ಹೊತ್ತಾಗಿತ್ತು.

ತಪ್ಪು ಯಾರಿಗೂ ಆಗುತ್ತದೆ. ಮೈಬಿಸಿ ಓದುವ ಸಾಲು ಬರೆದು, ಅದನ್ನೇ ನಕಲು ಮಾಡಿ ನೋವಿಗೂ ಅಂಟಿಸಿದ್ದಳು. ಇಷ್ಟೇ ಆಗಿದ್ದರೆ ದಾಕ್ಷಾಯಣಿ ತನ್ನನ್ನು ತಾನು ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದಳೇನೋ. ಆದರೆ ಅಷ್ಟೇ ಆಗಿರಲಿಲ್ಲ. ಪರೀಕ್ಷೆಯ ದಿನಗಳಲ್ಲಿ ಒಮ್ಮೆ ಮೂತ್ರಪಿಂಡದ ಹರಳಿನ ರೋಗಿಯೊಬ್ಬನಿಗೆ ಪಟ್ಟಿ ಅಂಟಿಸಿದ್ದರು. ಅವನು ಮಂಚದ ಮೇಲೆ ಮುದುಡಿಕೊಂಡು "ಯವ್ವಾ, ಸಾಯ್ತೀನಿ" ಎಂದು ಚೀರುತ್ತಿದ್ದ. ಪರದೆಯ ಮೇಲೆ ಮೈನಸ್ ನೂರಾ ಹತ್ತು ಎಂದು ಬಂದಿತ್ತು. ಮರುದಿನ ಮಂತ್ರಿಗಳು ನೋಡಲು ಬರುವವರಿದ್ದರು. ಪಟ್ಟಿ ಸರಿಯಾಗಿ ಅಂಟಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮಂತ್ರಿಗಳ ಮುಂದೆ ಮೈನಸ್ ಬಂದು ನಗೆಪಾಟಲಾಗುವುದು ಬೇಡವೆಂದು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದಳು. ಸೊನ್ನೆಗಿಂತ ಕಡಿಮೆ ಏನು ಬಂದರೂ ಸೊನ್ನೆಯೆಂದೇ ತೋರಿಸು. ಆ ಮನುಷ್ಯ ಚೀರುತ್ತಿರುವಾಗಲೇ, ಅದನ್ನು ಕಿವಿಯಾರೆ ಕೇಳುತ್ತಲೇ ಆ ಸಾಲು ಬರೆದಿದ್ದಳು.

ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ತಿದ್ದಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಂದು ಸಾಲು ಬದಲಿಸಿ, ಒಂದು ಸಾಲು ಅಳಿಸಿ, ಅಕ್ಕನ ಬುತ್ತಿಯನ್ನೇ ಕೊಟ್ಟು ನೋಡಿದಳು. ನೂರಾ ತೊಂಬತ್ತು ಎಂದೇ ಬಂತು. ಇನ್ನು ಗುಂಡಿ ಒತ್ತಿದರೆ ಮುಗಿಯಿತು, ಎಲ್ಲ ಪಟ್ಟಿಗಳಿಗೂ ಒಮ್ಮೆಲೇ ಹೊಸ ಓದು. ಒತ್ತುವ ಮೊದಲು ಜುಬೇದಾಳನ್ನು ಕರೆದಳು. ಅವಳಿಗೆ ಎಲ್ಲವನ್ನೂ ಹೇಳಿದಳು. ಜುಬೇದಾ ಲೇಸಿನ ಸೂಜಿ ಹಿಡಿದುಕೊಂಡೇ ಕೇಳಿದಳು.

"ಒತ್ತಬ್ಯಾಡ್ರಿ," ಎಂದಳು.

"ಅಲ್ಲಿ ಅಕ್ಕ..."

"ಒತ್ತಬ್ಯಾಡ್ರಿ ಅಂದೆ. ಒಮ್ಮಿಗೇ ಅಷ್ಟೂ ಪಂಪ್ ಹನಸಾಕ ಹತ್ತಿದ್ರ ಮುದುಕರಿಗೆ ಉಸಿರು ನಿಲ್ಲತೈತಿ. ಮೊದಲ ಎಲ್ಲಾ ವಾರ್ಡಿಗೆ ಫೋನ್ ಮಾಡೂಣು. ಹಾಸಿಗಿಗೊಬ್ರು ನಿಂದರಲಿ. ಆಮ್ಯಾಲ ಒತ್ತರಿ."

ಅದು ಸರಿಯಾದ ಮಾತು. ಇಬ್ಬರೂ ಫೋನು ಹಿಡಿದರು. ಒಂದೊಂದು ವಾರ್ಡಿನವರಿಗೂ ಬಿಡಿಸಿ ಹೇಳಬೇಕು, ಅವರು ನಂಬಬೇಕು, ವೈದ್ಯರನ್ನು ಕರೆಸಬೇಕು. ಒಬ್ಬ ವಾರ್ಡ್ ಡಾಕ್ಟರ್ ತಮಾಷೆಯೆಂದು ನಕ್ಕ. ಅವನಿಗೆ ಜುಬೇದಾ ಬೈದಳು. ದಾಕ್ಷಾಯಣಿ ಮಾತಾಡುತ್ತಾ ಆಡುತ್ತಾ ಗೋಡೆಯ ಮೂಲೆಯಲ್ಲಿ ಹಸಿರಾಗಿ ಹೊಳೆಯುತ್ತಿದ್ದ ಅಕ್ಕನ ದೀಪವನ್ನು ನೋಡುತ್ತಿದ್ದಳು. ತಿಂಗಳುಗಟ್ಟಲೆ ಕಾಯಿಸಿದವಳಿಗೆ ಈಗ ಒಂದೊಂದು ಫೋನಿನ ಹೊತ್ತೂ ತಡೆಯಲಾಗುತ್ತಿರಲಿಲ್ಲ. ಕೊನೆಯದಾಗಿ ಬಸಲಿಂಗಪ್ಪನಿಗೆ ಫೋನು ಮಾಡಿ, ನರ್ಸನ್ನು ಕಳಿಸಿದ್ದೇನೆ, ದೀಪ ಕೆಂಪಾದರೆ ಹೆದರಬೇಡಿ ಎಂದಷ್ಟೇ ಹೇಳಿದಳು.

ಆ ಮನೆಗೂ ನರ್ಸ್ ಮುಟ್ಟಿದಳೆಂದು ತಿಳಿದ ಮೇಲೆ ಗುಂಡಿ ಒತ್ತಿದಳು. ಸದ್ದೇನೂ ಆಗಲಿಲ್ಲ. ಗೋಡೆಯ ಅರ್ಧದಷ್ಟು ಹಸಿರು ಒಂದೇ ಉಸಿರಿಗೆ ಕೆಂಪಾಯಿತು. ಇಬ್ಬರ ಮುಖದ ಮೇಲೂ ಆ ಕೆಂಪು ಬಿತ್ತು. ಜುಬೇದಾ ಬಾಯಿಗೆ ಸೆರಗು ಒತ್ತಿಕೊಂಡು ನಿಂತಳು. ಆಮೇಲೆ ಫೋನುಗಳು ಒಂದರ ಹಿಂದೊಂದು ಹೊಡೆದುಕೊಳ್ಳತೊಡಗಿದವು. ಯಾರ ಉಸಿರು ಹೇಗಿದೆ, ಯಾರಿಗೆ ಎಷ್ಟು ಹನಿ ಎಂದು ಹೇಳುವುದರಲ್ಲೇ ಮಧ್ಯಾಹ್ನ ಕಳೆಯಿತು. ನಿಧಾನವಾಗಿ ಕೆಂಪು ಹಳದಿಗೆ ಇಳಿಯತೊಡಗಿತು. ಯಾರ ಉಸಿರೂ ನಿಲ್ಲಲಿಲ್ಲ.

ಫೋನುಗಳು ಸುಮ್ಮನಾದ ಮೇಲೆ ಜುಬೇದಾ ಎದುರಿನ ಕುರ್ಚಿಗೆ ಬಂದು ಕೂತಳು.

"ನಮ್ಮ ಅಮ್ಮಾ ಹೋದ ವರ್ಷ ಹಸಿರಿನಾಗ ಹೋದ್ಲು. ಗೊತ್ತಲ್ರಿ ನಿಮಗ."

ದಾಕ್ಷಾಯಣಿಗೆ ಗೊತ್ತಿತ್ತು. ಪೇಢೆ ತಿಂದಿದ್ದಳು ಕೂಡ.

"ಆಕಿ ಬುತ್ತಿ ಇನ್ನೂ ಇರ್ತಾವೇನು?"

"ಎಲ್ಲಾರದೂ ಇರ್ತಾವು. ಹಳೀವು ಯಾವೂ ಅಳಿಸಿಲ್ಲ. ಬಿಚ್ಚಿದ್ರ ಖರೇ ಅಂಕಿ ಬರತೈತಿ." ದಾಕ್ಷಾಯಣಿಯೇ ಕೇಳಿದಳು, "ಬಿಚ್ಚಲೇನು?"

ಜುಬೇದಾ ಓಢಣಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಈಗ ಬ್ಯಾಡ. ನಾ ಕೇಳಿದ ದಿನ ಹೇಳ್ರಿ. ಕೇಳ್ತೀನೋ ಇಲ್ಲೋ ನನಗೂ ಗೊತ್ತಿಲ್ಲ. ಆದ್ರ ಅಳಸಬ್ಯಾಡ್ರಿ."

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು ಎಂದು ದಾಕ್ಷಾಯಣಿಗೆ ಅನಿಸಿತು.

ಡಾ. ಪಟ್ಟೇದ ಸಂಜೆ ಮೊದಲಾಗುವ ಹೊತ್ತಿಗೆ ಮದುವೆಯ ಊಟ ಬಿಟ್ಟು ತಲೆಗೆ ಸುತ್ತಿದ ಜರಿ ಪಟಕದಲ್ಲೇ ಓಡಿ ಬಂದರು. ಎಲ್ಲ ಕೇಳಿದ ಮೇಲೆ ಪಟಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೂತರು. ಕೆಟ್ಟ ಮನುಷ್ಯರಲ್ಲ ಅವರು. ತಮ್ಮ ಲೇಖನದ ಚಿಂತೆ ಅವರಿಗೆ ಇದ್ದೇ ಇತ್ತು, ಆದರೆ ಅದೊಂದೇ ಇರಲಿಲ್ಲ.

"ಇದ್ದವ್ರಿಗೆ ಔಷಧ ಸಿಕ್ತು. ಛಲೋ ಆತು," ಎಂದರು ಕೊನೆಗೆ. "ಪಟ್ಟಿ ಹೊಸದಾಗಿ ಹೊಂದಿಸಿದ್ವಿ, ಅದಕ್ಕ ದೀಪ ಬದಲಾದ್ವು ಅಂತ ಹೇಳೂಣು. ಸತ್ತವ್ರ ಬುತ್ತಿ ಅಳಿಸಿಬಿಡು."

"ಸರ್..."

"ಕೇಳಿಲ್ಲೆ. ಎಷ್ಟ್ ಮನಿಯವ್ರು ನಮ್ಮವ್ರು ಶಾಂತಿಂದ ಹೋದ್ರು ಅಂತ ತಿಳಕೊಂಡು ರಾತ್ರಿ ನಿದ್ದಿ ಮಾಡಾಕತ್ತಾರ. ಅವ್ರನ್ನ ಎಬ್ಬಿಸಿ, ಇಲ್ಲ, ನಿಮ್ಮವ್ವ ಒದ್ದಾಡಿ ಸತ್ಲು, ನೀವು ಪೇಢಾ ಹಂಚಿದ್ರಿ ಅಂತ ಹೇಳ್ತೀಯೇನು? ಯಾರಿಗೆ ಏನ್ ಸಿಗತೈತಿ ಅದರಿಂದ?"

ಒಂದು ಕ್ಷಣ ಆ ಮಾತು ದಾಕ್ಷಾಯಣಿಗೆ ತಂಪಾಗಿ ಕಂಡಿತು. ಅಳಿಸಿಬಿಟ್ಟರೆ ತನ್ನ ತಪ್ಪಿನ ಆಳ ಎಷ್ಟೆಂದು ತಾನೂ ತಿಳಿಯುವ ಹಾಗಿಲ್ಲ. ಪಟ್ಟೇದ ಅವಳ ಮುಖ ನೋಡಿ ದನಿ ಇನ್ನೂ ಇಳಿಸಿದರು.

"ಹೇಳಲೇಬೇಕು ಅಂದ್ರ ಫಕ್ಕೀರೇಶ ಕಟ್ಟೂದರಾಗ ತಪ್ಪಿದ ಅಂತ ಹೇಳೂಣು. ಅಂವ ಈಗ ಇಲ್ಲಿಲ್ಲ."

ಅಲ್ಲಿಗೆ ಅವಳ ಕಾಲಿಗೆ ನೆಲ ಸಿಕ್ಕಂತಾಯಿತು. "ಅಂವ ಸರಿ ಕಟ್ಯಾನ ಸರ್. ಬಿಚ್ಚಿದಾಕಿ ನಾನು. ಮೈನಸ್ ನೋಡಿ ಮುಚ್ಚಿದಾಕೀನೂ ನಾನ. ಇನ್ನೊಮ್ಮೆ ಮುಚ್ಚೂದು ನನ್ನ ಕೈಲೆ ಆಗಂಗಿಲ್ಲ."

ಜುಬೇದಾ ತನ್ನ ಜಾಗದಿಂದಲೇ ಹೇಳಿದಳು, "ನಮ್ಮ ಅಮ್ಮಾಂದು ಅಳಸಾಕ ಯಾರಿಗೂ ಹಕ್ಕಿಲ್ರಿ ಸರ್."

ದಾಕ್ಷಾಯಣಿ ಎಲ್ಲ ಆಸ್ಪತ್ರೆಗಳಿಗೂ ಪತ್ರಿಕೆಗಳಿಗೂ ತನ್ನ ಹೆಸರಿನಲ್ಲೇ ಪ್ರಕಟಣೆ ಬರೆದಳು. ಶಾಂತಿ ಘಟ್ಟವೆಂಬುದು ಇಲ್ಲ, ಅದು ಓದಿನ ತಪ್ಪು, ಆ ತಪ್ಪು ನನ್ನದು. ತಮ್ಮವರ ನಿಜವಾದ ಅಂಕಿ ಏನಿತ್ತೆಂದು ಕೇಳಿ ಬಂದವರಿಗೆ ಹೇಳುತ್ತೇವೆ. ಕೇಳದವರ ಬಾಗಿಲಿಗೆ ಹೇಳಲು ಹೋಗುವುದಿಲ್ಲ. ಇದರ ಮುಂದೆ ಕ್ಷಮೆ ಕೇಳುವ ಒಂದು ಸಾಲು ಬರೆದಳು, ಓದಿ ನೋಡಿದಳು, ಅದು ತೀರ ಸಣ್ಣದಾಗಿ ಕಂಡಿತು. ದೊಡ್ಡದು ಮಾಡಲು ಬರಲಿಲ್ಲ. ಹಾಗೆಯೇ ಕಳಿಸಿದಳು. ಪಟ್ಟೇದ ಅದನ್ನು ತಡೆಯಬಹುದಿತ್ತು, ತಡೆಯಲಿಲ್ಲ. ಪಟಕ ಮೇಜಿನ ಮೇಲೆ ಮರೆತು ಮೆಟ್ಟಿಲಿಳಿದು ಹೋದರು.

ಹಳೇ ಹುಬ್ಬಳ್ಳಿ ಮುಟ್ಟುವಾಗ ಬೀದಿದೀಪ ಹತ್ತಿದ್ದವು. ಬಸಲಿಂಗಪ್ಪ ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಒಳಗಿನಿಂದ ಹಳದಿ ಬೆಳಕು ಬರುತ್ತಿತ್ತು. ನರ್ಸ್ ಬಂದು, ಹುಣ್ಣು ನೋಡಿ, ಪಂಪು ಸರಿಮಾಡಿ, ನಡೆದದ್ದನ್ನೆಲ್ಲ ಹೇಳಿ ಹೋಗಿದ್ದಳು. ದಾಕ್ಷಾಯಣಿ ಅವನ ಪಕ್ಕದಲ್ಲಿ ಕೂತಳು.

"ಮಂದಿನ್ನ ಕರದು ಕರದು ತೋರಿಸಿದ್ನಲ್ಲ ದಾಕ್ಷಿ," ಎಂದ. ಕಂಡಕ್ಟರನ ದನಿ ಎಲ್ಲಿ ಹೋಗಿತ್ತೋ. "ಆಕಿ ಅಲ್ಲಿ ಸುಡಾಕತ್ತಿದ್ರ, ನಾ ಬಾಜೂಕ ಕೂತು ಕ್ರಿಕೆಟ್ ಕಾಮೆಂಟ್ರಿ ಕೇಳೀನಿ. ನೀ ಭಾಗ್ಯವಂತಿ ಬಿಡು ಅಂತ ಆಕಿಗೆ ಹೇಳೀನಿ."

"ನಿಮ್ಮ ತಪ್ಪಲ್ಲ ಮಾಮಾ. ದೀಪಾ ಹಂಗ ಹೇಳಿತ್ತು. ಹಂಗ ಹೇಳಸಿದಾಕಿ ನಾನು."

"ನಿಂದು ಐತಿ ಬಿಡು," ಎಂದ ಅವನು, ಸಿಟ್ಟಿಲ್ಲದೆ. "ನಂದೂ ಐತಿ. ಈ ಪಟ್ಟಿ ಬರೂಕಿಂತ ಮೊದಲ ನಾ ದಿನಾ ಕೇಳ್ತಿದ್ದೆ. ನೋಯತೈತೇನ ಕಸ್ತೂರಿ ಅಂತ. ಹೌದಂದ್ರ ಒಮ್ಮೆ ಕಣ್ಣು ಮುಚ್ತಿದ್ಲು, ಇಲ್ಲಂದ್ರ ಎರಡ ಸಲ. ಕಣ್ಣಿಗೆ ಏನೂ ಆಗಿಲ್ಲಲ್ಲ ಆಕಿಗೆ, ಈಗೂ ಮುಚ್ತಾಳ. ದೀಪಾ ಬಂತು, ನಾ ಕೇಳೂದ ಬಿಟ್ಟೆ. ಒಂದ ಸಲ ಕೇಳಿದ್ರ ಸಾಕಾಗ್ತಿತ್ತು."

ದಾಕ್ಷಾಯಣಿ ಪ್ರತಿ ರವಿವಾರ ಬಂದಿದ್ದಳು. ಅಕ್ಕನ ತಲೆ ಬಾಚಿದ್ದಳು, ಊರ ಸುದ್ದಿ ಹೇಳಿದ್ದಳು, ಶಾಲು ಹೊದಿಸಿದ ಫೋಟೋ ಅವಳ ಕಣ್ಣಮುಂದೆ ಹಿಡಿದು ತೋರಿಸಿದ್ದಳು. ಹೇಗಿದ್ದೀಯ ಎಂದು ಒಮ್ಮೆಯೂ ಕೇಳಿರಲಿಲ್ಲ.

ಎದ್ದು ಒಳಗೆ ಹೋದಳು. ಕಸ್ತೂರಿಯ ದವಡೆ ಸಡಿಲವಾಗಿತ್ತು. ಹಣೆ ಒಣಗಿತ್ತು. ಕಣ್ಣು ತೆರೆದೇ ಇತ್ತು, ತಂಗಿ ಬಂದದ್ದನ್ನು ನೋಡಿತು. ದಾಕ್ಷಾಯಣಿ ಮಂಚದ ಅಂಚಿಗೆ ಕೂತು, ಮುಖ ಹತ್ತಿರ ತಂದಳು.

"ಅಕ್ಕಾ, ನೋವು ಕಡಿಮಿ ಆಗೇತೇನು?"

ಕಣ್ಣು ಒಮ್ಮೆ ಮುಚ್ಚಿ ತೆರೆಯಿತು.

"ಇಷ್ಟ ದಿನಾ ನಿನಗ ಔಷಧ ಸಿಗಲಿಲ್ಲ. ನಾ ತಪ್ಪು ಓದಿದ್ದೆ. ಒಮ್ಮೆ ಅನುಮಾನ ಬಂದಿತ್ತು, ಬಂದದ್ದನ್ನೂ ಮುಚ್ಚಿಟ್ಟೆ. ನಿನಗೊಬ್ಬಾಕಿಗೇ ಅಲ್ಲ, ಭಾಳ ಮಂದಿಗೆ ಹಿಂಗ ಆತು. ಕೇಳಿಸ್ತೇನಕ್ಕಾ?"

ಒಮ್ಮೆ ಮುಚ್ಚಿತು.

"ನಾವು ನಿನ್ನ ಮುಂದ ನಕ್ಕೊಂತ ಮಾತಾಡೂದೆಲ್ಲಾ ನಿನಗ ಕೇಳ್ತಿತ್ತೇನು?"

ಒಮ್ಮೆ.

ಅಕ್ಕ ಇಲ್ಲವೆನ್ನಬಹುದೆಂಬ ಸಣ್ಣ ಆಸೆಯೊಂದು ದಾಕ್ಷಾಯಣಿಗೆ ಎಲ್ಲೋ ಇತ್ತು. ಆದರೆ ಶಾಲೆಯಲ್ಲಿ ಇಡೀ ವರ್ಗದ ಮುಂದೆ ತಂಗಿಯ ತಪ್ಪು ಲೆಕ್ಕವನ್ನು ತಪ್ಪೆಂದೇ ಹೇಳುತ್ತಿದ್ದವಳು ಕಸ್ತೂರಿ.

"ನನ್ನ ಮ್ಯಾಲ ಸಿಟ್ಟೈತೇನು?"

ಕಣ್ಣು ಮುಚ್ಚಿತು. ಈ ಸಲ ಬೇಗ ತೆರೆಯಲಿಲ್ಲ. ರೆಪ್ಪೆಯ ಅಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ತೆರೆದಾಗ ಕಣ್ಣು ಅವಳನ್ನೇ ನೋಡುತ್ತಿತ್ತು.

"ನಾ ಹೋಗ್ಲೇನು ಇಲ್ಲಿಂದ?"

ಎರಡು ಸಲ ಮುಚ್ಚಿತು.

ಬಸಲಿಂಗಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಒಳಗೆ ಬರುವ ಧೈರ್ಯವಾಗದೆ ಅಲ್ಲಿಂದಲೇ ಕೇಳಿದ, "ಏನಂತಾಳ?"

"ಸಿಟ್ಟೈತಂತ."

"ಮತ್ತ?"

"ಇರು ಅಂತಾಳ."

ಅವನು ಹಾಗೇ ನಿಂತು ಆ ಮಾತನ್ನು ಒಳಗೆ ತೆಗೆದುಕೊಂಡ. ಆಮೇಲೆ ಅಡುಗೆಮನೆಗೆ ಹೋಗಿ ಬಿಸಿನೀರಿನ ಬೋಗುಣಿಯನ್ನೂ ಮೆತ್ತನೆಯ ಹಳೆಯ ಧೋತರದ ತುಂಡನ್ನೂ ತಂದು ಮಂಚದ ಆ ಬದಿಗೆ ಇಟ್ಟ. "ಹುಣ್ಣು ತೊಳೀಬೇಕಂತ ನರ್ಸ್ ಹೇಳ್ಯಾಳ. ನೀ ಆ ಕಡೆ ಹಿಡಿ, ಎಡ ಮಗ್ಗಲಿಗೆ ಹೊಳ್ಳಿಸೂಣು."

ದಾಕ್ಷಾಯಣಿ ಅಕ್ಕನ ಹೆಗಲ ಕೆಳಗೆ ಕೈಯಿಟ್ಟಳು. ಎತ್ತಲಿಲ್ಲ. "ಅಕ್ಕಾ, ಹೊಳ್ಳಿಸ್ಲೇನು?" ಎಂದು ಕೇಳಿ, ಕಣ್ಣನ್ನೇ ನೋಡುತ್ತಾ ಉತ್ತರಕ್ಕೆ ಕಾದಳು.